ವಕೀಲರ ವ್ಯಾನಿನ ಸಪ್ಪಳ

ಸಂಶಿಯಲ್ಲಿ ಬಸ್ಸು ನಿಲ್ಲುವ ಜಾಗದಿಂದ ಕುಂದಗೋಳದ ದಾರಿ ಹಿಡಿದು ನೂರು ಹೆಜ್ಜೆ ನಡೆದರೆ ಒಂದು ಬೇವಿನ ಗಿಡವಿತ್ತು. ಅದರ ಬುಡದಲ್ಲಿ ಎರಡು ಕಲ್ಲು, ಒಂದು ಜಾಕು, ಗೋಣಿಚೀಲದಲ್ಲಿ ಸುತ್ತಿಟ್ಟ, ನಟ್ಟು ಬೋಲ್ಟು ಬಿಚ್ಚುವ ಏಳೆಂಟು ಪಾನಾ, ಗ್ರೀಸಿನ ಒಂದು ಡಬ್ಬಿ. ಹುಲಿಗೆಪ್ಪನ ಗ್ಯಾರೇಜು ಎಂದರೆ ಇಷ್ಟೇ. ಬೋರ್ಡಿಲ್ಲ, ತಗಡಿನ ಚಾವಣಿಯಿಲ್ಲ. ಮಳೆ ಬಂದರೆ ರಿಪೇರಿಗೆ ಬಂದ ಗಾಡಿಯ ಕೆಳಗೇ ಮಲಗಿರುತ್ತಿದ್ದ. ಗಾಡಿ ಇಲ್ಲದ ದಿನ ತೊಯ್ಯುತ್ತಿದ್ದ. ಎದುರಿಗೆ ವೆಂಕಣ್ಣನ ಚಹಾದಂಗಡಿ. ಅಲ್ಲಿ ಅವನಿಗೆ ಚಹಾ ಸಿಗುತ್ತಿತ್ತು, ಬೆಂಚು ಸಿಗುತ್ತಿರಲಿಲ್ಲ. ಹೊರಗೋಡೆಯ ಗೂಡಿನಲ್ಲಿ ಅವನದೊಂದು ಹಿಡಿಕೆ ಮುರಿದ ಕಪ್ ಇತ್ತು. ತಾನೇ ತೆಗೆದುಕೊಳ್ಳಬೇಕು, ತಾನೇ ತೊಳೆದು ಇಡಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಆ ಸುದ್ದಿ ಗೋಡೆಯ ಗೂಡಿನ ತನಕ ಇನ್ನೂ ಬಂದಿರಲಿಲ್ಲ.

ಹುಲಿಗೆಪ್ಪ ಹುಟ್ಟಿದ್ದು ಇದೇ ಊರಿನ ಹೊರಗಿನ ಕೇರಿಯಲ್ಲಿ. ಹದಿನೇಳನೆಯ ವಯಸ್ಸಿಗೆ ಹುಬ್ಬಳ್ಳಿಗೆ ಹೋಗಿ ಜಹೀರುದ್ದೀನ ಎಂಬ ಮಿಸ್ತ್ರಿಯ ಕೈಕೆಳಗೆ ಹದಿನೆಂಟು ವರ್ಷ ದುಡಿದ. ಆ ಮುದುಕ ಅವನಿಗೆ ಕಲಿಸಿದ್ದು ಒಂದೇ ವಿದ್ಯೆ. ಆದರೆ ಅದನ್ನು ಪೂರ್ತಿ ಕಲಿಸಿದ. ಗಾಡಿಯೊಳಗೆ ಎಲ್ಲೋ ಸಪ್ಪಳ ಬರುತ್ತದೆ, ಎಲ್ಲಿಂದ ಎಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಹುಡುಕುವ ವಿದ್ಯೆ. “ಕಿವಿ ಮಂದಿ ಮಾತ ಕೇಳಿ ಕೇಳಿ ಕೆಟ್ಟಿರ್ತೈತಿ ಬೇಟಾ, ಕೈ ಕೆಟ್ಟಿರೂದಿಲ್ಲ. ಕೈ ಇಟ್ಟ ನೋಡು,” ಎನ್ನುತ್ತಿದ್ದ. ಮುದುಕ ತೀರಿಕೊಂಡ ಮೇಲೆ ಅವನ ಮಕ್ಕಳು ಜಾಗ ಮಾರಿದರು. ಹುಲಿಗೆಪ್ಪ ಹೆಂಡತಿ ರೇಣುಕವ್ವನನ್ನು ಕರೆದುಕೊಂಡು ಊರಿಗೆ ಮರಳಿದ. ಎರಡು ವರ್ಷಕ್ಕೆ ರೇಣುಕವ್ವ ಜ್ವರದಲ್ಲಿ ಹೋದಳು. ಮಗಳು ಸಣ್ಣವ್ವನನ್ನು ಬಮ್ಮಿಗಟ್ಟಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದದ್ದು ಒಂದು ಒಲೆ ಮತ್ತು ಒಬ್ಬ ಮನುಷ್ಯ.

ಕೇರಿಯಲ್ಲಾದರೂ ಅವನಿಗೆ ಜೊತೆಯಿತ್ತೇ ಎಂದರೆ, ಅದೂ ಇಲ್ಲ. ಉಳಿದವರು ಗುಂಪಾಗಿ ಹೊಲಕ್ಕೆ ಹೋಗುತ್ತಿದ್ದರು, ಮೆಣಸಿನಕಾಯಿ ಬಿಡಿಸಿ ಗುಂಪಾಗಿ ಬರುತ್ತಿದ್ದರು. ಹಾದಿಯುದ್ದಕ್ಕೂ ನಗೆ, ಜಗಳ, ಹಾಡು. ಇವನೊಬ್ಬ ಗ್ರೀಸು ಮೆತ್ತಿದ ಚಡ್ಡಿಯಲ್ಲಿ ಎದುರಿನಿಂದ ಬರುತ್ತಿದ್ದ. “ಬಂದಾ ನೋಡ್ರಿ ಯಂತ್ರದ ಮನುಷ್ಯಾ. ಸರೀರಿ, ಹಾರ್ನ್ ಹೊಡದಾನು,” ಎಂದು ಹೆಂಗಸರು ನಕ್ಕು ದಾರಿ ಬಿಡುತ್ತಿದ್ದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಒಬ್ಬ ಮನುಷ್ಯನಿಗೆ ದಿನಾ ಸಂಜೆ ದಾರಿ ಬಿಟ್ಟುಕೊಟ್ಟರೆ ಅವನು ಒಬ್ಬನೇ ನಡೆಯುವುದನ್ನು ಕಲಿಯುತ್ತಾನೆ.

ಎಪ್ಪತ್ನಾಲ್ಕರ ಮೇ ತಿಂಗಳಲ್ಲಿ ರೈಲಿನವರು ಮುಷ್ಕರ ಹೂಡಿದರು. ಮೂರು ವಾರ ಸಂಶಿಯ ಸ್ಟೇಶನ್ನಿನಲ್ಲಿ ಆಡುಗಳು ಮಲಗಿದವು. ವಕೀಲ ದಿನಕರರಾಯರಿಗೆ ಹುಬ್ಬಳ್ಳಿಯಲ್ಲಿ ತುರ್ತು ಕೆಲಸವಿತ್ತು, ಹೋಗಲಾಗಲಿಲ್ಲ. ಆ ಸಿಟ್ಟಿನಲ್ಲಿ ಅವರು ಒಂದು ವ್ಯಾನು ಕೊಂಡರು. ಯಾವುದೋ ಕಂಪನಿಯವರು ದುಡಿಸಿ ದುಡಿಸಿ ಹರಾಜಿಗೆ ಬಿಟ್ಟ ಬೂದು ಬಣ್ಣದ ಹಳೆಯ ಗಾಡಿ. ಅದನ್ನು ನಡೆಸಲು ಹಜರತಅಲಿ ಎಂಬ ಡ್ರೈವರನನ್ನು ಇಟ್ಟರು. ದಿನಾ ಮುಂಜಾನೆ ವಕೀಲರು, ಅವರ ಕಾರಕೂನ, ನಾಲ್ಕಾರು ಕಕ್ಷಿದಾರರು ಅದರಲ್ಲಿ ಕುಂದಗೋಳದ ಕೋರ್ಟಿಗೆ ಹೋಗುತ್ತಿದ್ದರು. ಎರಡನೆಯ ವಾರಕ್ಕೇ ವ್ಯಾನಿನ ಹಿಂಭಾಗ ಮಾತಾಡತೊಡಗಿತು.

ದಿನಕರರಾಯರು ಸುಧಾರಕರು. ಶಾಲೆಯ ಧ್ವಜವಂದನೆಯಲ್ಲಿ ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಭಾಷಣ ಮಾಡುವವರು. ಅದೂ ಕಣ್ಣಲ್ಲಿ ನೀರು ತಂದುಕೊಂಡು. ಗಾಡಿಯನ್ನು ಹುಲಿಗೆಪ್ಪನ ಕೈಗೇ ಕೊಡಬೇಕೆಂದು ಅವರೇ ಹೇಳಿದರು, ಹೇಳಿದ್ದನ್ನು ನಾಲ್ಕು ಜನರಿಗೆ ತಿಳಿಸಿಯೂ ತಿಳಿಸಿದರು. ಹುಲಿಗ್ಯಾ ಎನ್ನದೆ ಹುಲಿಗೆಪ್ಪ ಎಂದು ಪೂರ್ತಿ ಹೆಸರು ಹಿಡಿದು ಕರೆಯುವವರು ಮೇಲಿನ ಓಣಿಯಲ್ಲಿ ಅವರೊಬ್ಬರೇ. ಹುಲಿಗೆಪ್ಪನಿಗೆ ಅಷ್ಟೇ ಸಾಕಾಗಿತ್ತು. ಹಸಿದವನಿಗೆ ರೊಟ್ಟಿಯ ಚೂರು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಕೊಡುವವರು ಎಂದೂ ತಿಳಿದಿರುವುದಿಲ್ಲ.

“ಹೆಂಥಾ ಸಪ್ಪಳ?” ಎಂದು ಹುಲಿಗೆಪ್ಪ ಕೇಳಿದ.

“ಡಬ್ಬಿನ್ಯಾಗ ಮೊಳಿ ಹಾಕಿ ಅಲ್ಲಾಡಿಸಿದಂಗ ಐತಿ ಅಣ್ಣಾ,” ಎಂದ ಹಜರತಅಲಿ. “ತೆಗ್ಗ ಬಂದ್ರ ಗಡಗಡ, ಸಪಾಟ ದಾರ್ಯಾಗ ಕಿಟಿಕಿಟಿ. ಕಾರಕೂನರಂತೂ ತಮ್ಮ ಹಲ್ಲ ಅಲಗಾಡಾಕತ್ತಾವ ಅಂತಾರ.”

“ಅವರ ಹಲ್ಲಿಗೆ ನನ್ನ ಕಡೆ ಪಾನಾ ಇಲ್ಲ. ನೀ ಗಾಡಿ ನಡಸು, ನಾ ಹಿಂದ ಒಳಗ ಕುಂತು ನೋಡ್ತೀನಿ.”

ಹಜರತಅಲಿ ಸ್ಟೇರಿಂಗಿನ ಮೇಲಿನ ಧೂಳು ಒರೆಸಿದ. “ಒಳಗ ಬ್ಯಾಡ ಅಣ್ಣಾ. ದೊಡ್ಡ ಅವ್ವಾರು ಹೇಳಿ ಕಳಿಸ್ಯಾರ. ಶನಿವಾರ ಇದ್ರಾಗನ ಅವರು ಗುಡಿಗೆ ಹೋಗ್ತಾರಂತ.” ದೊಡ್ಡ ಅವ್ವಾರು ಎಂದರೆ ವಕೀಲರ ತಾಯಿ ಅನ್ನಪೂರ್ಣಾಬಾಯಿ.

“ಆತು. ಹಂಗಾರ ಸಾವಕಾಶ ನಡಸು.”

ಹೀಗಾಗಿ ಹುಲಿಗೆಪ್ಪ ವ್ಯಾನಿನ ಹಿಂದಿನ ಗಾಲಿಯ ಪಕ್ಕ, ಮಡ್‌ಗಾರ್ಡಿನ ಮೇಲೆ ಅಂಗೈ ಊರಿ, ಅದರ ಜೊತೆ ನಡೆದ. ತೆಗ್ಗು ಬಂದಲ್ಲಿ ಓಡಿದ. ಒಂದು ಸಲ ಎಡಗಡೆ, ತಿರುಗಿ ಬರುವಾಗ ಬಲಗಡೆ. ಚಹಾದಂಗಡಿಯಿಂದ ವೆಂಕಣ್ಣ ಕೂಗಿದ: “ಏನಲೇ ಹುಲಿಗ್ಯಾ, ಮಗಳನ್ನ ಗಂಡನ ಮನಿಗೆ ಕಳಸಾಕ ಹೊಂಟೀಯೇನು?”

“ಹೌದ್ರಿ. ನೀವೂ ಒಂದಿಷ್ಟು ಉಡಿ ಅಕ್ಕಿ ತುಂಬಾಕ ಬರ್ರಿ,” ಎಂದ ಹುಲಿಗೆಪ್ಪ, ಓಡುತ್ತಲೇ.

ಅಂಗೈಗೆ ಸಿಕ್ಕಿತು. ಎಡಗಡೆಯ ಹಿಂದಿನ ಪಾಟಾ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕೂಡಿಸಿದ್ದೇ ಪಾಟಾ. ಗಾಡಿಯ ಭಾರವನ್ನೆಲ್ಲ ಹೊತ್ತು ತೆಗ್ಗುದಿನ್ನೆಯ ಹೊಡೆತ ನುಂಗುವುದು ಅದರ ಕೆಲಸ. ಅದರ ತುದಿಯನ್ನು ಗಾಡಿಗೆ ಸೇರಿಸುವ ಪಿನ್ನು ಸವೆದಿತ್ತು. ಪಟ್ಟಿಗಳ ನಡುವೆ ಗ್ರೀಸು ಒಣಗಿ ಉಕ್ಕಿಗೆ ಉಕ್ಕು ತಿಕ್ಕುತ್ತಿತ್ತು. ಹುಲಿಗೆಪ್ಪ ಕೆಳಗೆ ನುಸುಳಿ ಇಡೀ ದಿನ ಪಾಟಾ ಬಿಚ್ಚಿ, ಒಂದೊಂದು ಪಟ್ಟಿಯನ್ನೂ ಉಜ್ಜಿ, ಮಗುವಿಗೆ ಎಣ್ಣೆ ಹಚ್ಚುವಂತೆ ಗ್ರೀಸು ಹಚ್ಚಿ, ಹೊಸ ಪಿನ್ನು ಕೂಡಿಸಿ ಬಿಗಿದ.

ಗಾಡಿಯ ಕೆಳಗೆ ಮಲಗಿದಾಗ ಅವನಿಗೆ ಒಂದು ನೆಮ್ಮದಿಯಿತ್ತು. ಒಳಗಿನ ಸೀಟು ಅವರದು, ಹೊರಗಿನ ಬೆಂಚು ಅವರದು. ಆದರೆ ಕೆಸರು, ಎಣ್ಣೆ, ಕತ್ತಲೆಯ ಈ ಒಂದು ಮೊಳ ಜಾಗ ಮಾತ್ರ ತನ್ನದು. ಇದರ ಮೇಲೆ ಯಾರೂ ಹಕ್ಕು ಹೇಳುವುದಿಲ್ಲ, ಇಲ್ಲಿ ತಾನು ಮುಟ್ಟಿದ್ದನ್ನು ಯಾರೂ ಮೈಲಿಗೆ ಎನ್ನುವುದಿಲ್ಲ ಎಂದು ಅವನು ನಂಬಿದ್ದ. ಗಾಡಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡುವ ಮಡಿ ಈ ಲೋಕದಲ್ಲಿ ಎಲ್ಲಿದೆ?

ವ್ಯಾನು ತುಟಿ ಪಿಟಕ್ಕೆನ್ನದೆ ಕುಂದಗೋಳಕ್ಕೆ ಹೋಗಿ ಬಂತು. ರಾಯರು ಕಿಟಕಿಯಿಂದ ಕೈ ಎತ್ತಿದರು. ಹುಲಿಗೆಪ್ಪ ಆ ಸಂಜೆ ಒಲೆಯ ಮುಂದೆ ಕೂತು ಆ ಎತ್ತಿದ ಕೈಯನ್ನು ನೆನೆದು ಒಬ್ಬನೇ ನಕ್ಕ.

ಮೂರು ವಾರಕ್ಕೆ ಸಪ್ಪಳ ಮರಳಿ ಬಂತು. ಅದೇ ಗಾಲಿ, ಅದೇ ಗಡಗಡ. ಹುಲಿಗೆಪ್ಪ ತನ್ನ ಕೆಲಸವನ್ನೇ ಅನುಮಾನಿಸಿದ. ಪಿನ್ನು ಹಗುರವಾಯಿತೇನೋ ಎಂದು ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಲೇಥಿನವನ ಎದುರು ನಿಂತು ಪಿನ್ನಿಗೆ ತೊಡಿಸುವ ಹಿತ್ತಾಳೆಯ ಬುಶ್ ಕೊರೆಸಿ ತಂದು ಹಾಕಿದ. ಮತ್ತೆ ಮೂರು ವಾರ, ಮತ್ತೆ ಸಪ್ಪಳ. ಬಿಚ್ಚಿದರೆ ತಾನು ಹಚ್ಚಿದ ಗ್ರೀಸಿನ ಗುರುತೂ ಇಲ್ಲ. ಬೇರೆ ಡಬ್ಬಿಯ ಗ್ರೀಸು ತಂದ. ಅದೂ ಮೂರೇ ವಾರ. ಇಷ್ಟು ವರ್ಷದಲ್ಲಿ ಇಂಥದನ್ನು ಅವನು ನೋಡಿರಲಿಲ್ಲ. ಕೇಳೋಣವೆಂದರೆ ಮುದುಕ ಮಿಸ್ತ್ರಿ ಮಣ್ಣಿನಲ್ಲಿದ್ದ. ಮನೆಯಲ್ಲಿ ಒಲೆಗೆ ಹೇಳಿಕೊಂಡ. ಪಾಟಾದ ಮಾತು ಅರ್ಥವಾಗುವ ಇನ್ನೊಂದು ಜೀವ ಆ ಊರಿನಲ್ಲಿರಲಿಲ್ಲ.

“ಹುಲಿಗ್ಯಾನ ರಿಪೇರಿ ಅಂದ್ರ ಇಪ್ಪತ್ತ ದಿವಸದ್ದು, ಜಡ್ಡ ಬಿದ್ದವರ ಪಥ್ಯ ಇದ್ದಂಗ,” ಎಂದು ವೆಂಕಣ್ಣ ಗಿರಾಕಿಗಳನ್ನು ನಗಿಸಿದ. ಟ್ರ್ಯಾಕ್ಟರಿನ ಗೌಡರು ಬೇವಿನ ಗಿಡ ದಾಟಿ ಹೋಗತೊಡಗಿದರು. ಹೀಗೇ ನಡೆದು ಏಳನೆಯ ಸಲ ಸಪ್ಪಳ ಬಂದಾಗ ದೀಪಾವಳಿ ಕಳೆದಿತ್ತು. ಈ ಸಲ ರಾಯರೇ ಇಳಿದು ಬಂದರು. ಬಸ್ಸಿಗೆ ಕಾದವರೆಲ್ಲ ನೋಡುತ್ತಿದ್ದರು.

“ಹುಲಿಗೆಪ್ಪ, ನಿನ್ನ ಮ್ಯಾಲೆ ವಿಶ್ವಾಸ ಇಟ್ಟು ಗಾಡಿ ಕೊಟ್ಟೆ. ಮಂದಿ ಬ್ಯಾಡ ಅಂದ್ರೂ ಕೊಟ್ಟೆ. ಹೌದೋ ಅಲ್ಲೋ?”

“ಹೌದ್ರಿ ರಾಯರ.”

“ಇದು ಕಡೀ ಸಲ. ಮತ್ತ ಸಪ್ಪಳ ಬಂತಂದ್ರ ಗಾಡಿ ಹುಬ್ಬಳ್ಳಿಗೆ ಹೋಗ್ತದ. ಆಮ್ಯಾಲೆ ನಿನ್ನ ಕಡೆ ಯಾರೂ ಸೈಕಲ್ಲ ಸುದ್ಧಾ ತರೂದಿಲ್ಲ. ನಿನ್ನ ಹಿತಕ್ಕ ಹೇಳ್ತೇನಿ.”

ಸುಳ್ಳಲ್ಲ. ಅವನ ಬಳಿ ಇದ್ದದ್ದು ಕೈಯ ಹೆಸರೊಂದೇ. ಹೊಲವಿಲ್ಲ, ಜೊತೆಗಾರರಿಲ್ಲ. ಆ ಹೆಸರು ಹೋದರೆ ನಲವತ್ತೈದರ ವಯಸ್ಸಿನಲ್ಲಿ ಅವನು ಮತ್ತೆ ಇನ್ನೊಬ್ಬರ ಹೊಲದ ಬದುವಿನ ಮೇಲೆ ನಿಂತು ಕೂಲಿಗೆ ಕರೆಯುವುದನ್ನು ಕಾಯಬೇಕು.

ಆ ದಿನ ಹುಲಿಗೆಪ್ಪ ಅವಸರ ಮಾಡಲಿಲ್ಲ. ಪಾಟಾ ಇಳಿಸಿ, ಗೋಣಿಚೀಲದ ಮೇಲೆ ಪಟ್ಟಿಗಳನ್ನು ಸಾಲಾಗಿ ಹರವಿ, ಬಿಸಿಲಿಗೆ ಒಂದೊಂದನ್ನೇ ಹಿಡಿದು ನೋಡಿದ. ಉಕ್ಕು ತೊಳೆದ ತಾಟಿನಂತೆ ಬೋಳಾಗಿತ್ತು. ಪಿನ್ನಿನ ಸುತ್ತ ಬಿಳಿಯ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟ. ಸವಳು. ಮಳೆಯ ನೀರು ಸವಳಾಗಿರುವುದಿಲ್ಲ, ಹಳ್ಳದ ನೀರೂ ಅಲ್ಲ. ಅಷ್ಟು ಸವಳು ಇರುವುದು ಮೇಲಿನ ಓಣಿಯ ಬಾವಿಗಳಲ್ಲಿ. ಮೂರನೆಯ ಮತ್ತು ನಾಲ್ಕನೆಯ ಪಟ್ಟಿಯ ನಡುವೆ ಏನೋ ಕರ್ರಗೆ ಅಂಟಿತ್ತು. ಕಸ ಎಂದು ಎತ್ತಿದ. ಬೆರಳ ನಡುವೆ ತಿಕ್ಕಿ ಮೂಗಿಗೆ ಹಿಡಿದ.

ತುಳಸಿ.

ಕುಂದಗೋಳದ ದಾರಿಯಲ್ಲಿ ಜಾಲಿಯಿದೆ, ಹತ್ತಿಯಿದೆ, ಕರಿಮಣ್ಣಿನ ಧೂಳಿದೆ. ತುಳಸಿ ದಾರಿಯಲ್ಲಿ ಬೆಳೆಯುವುದಿಲ್ಲ. ಅದು ಬೆಳೆಯುವ ಜಾಗ ಬೇರೆ. ಅಲ್ಲಿಂದ ಅದು ತಾನಾಗಿ ನಡೆದು ಬಂದು ಗಾಡಿಯ ಹೊಟ್ಟೆಯೊಳಗೆ ಸೇರುವುದೂ ಇಲ್ಲ.

ಹಜರತಅಲಿ ಗಿಡದ ನೆರಳಲ್ಲಿ ಕುಕ್ಕುರುಗಾಲಲ್ಲಿ ಕೂತು ಬೀಡಿ ಎಳೆಯುತ್ತಿದ್ದ. ಹುಲಿಗೆಪ್ಪ ಅಂಗೈ ಚಾಚಿದ. ಹಜರತಅಲಿ ನೋಡಿದ, ಬೀಡಿ ಕೆಳಗಿಟ್ಟ.

“ನಾ ಗಾಡಿ ಕೊಟ್ಟ ಮ್ಯಾಲೆ ಏನ್ ಮಾಡ್ತೀರಿ?”

“ಅಣ್ಣಾ, ನನ್ನ ಕೇಳಬ್ಯಾಡ.”

“ನಿನ್ನ ಕೇಳಾಕತ್ತಿಲ್ಲ. ಪಾಟಾ ಕೇಳಾಕತ್ತೈತಿ. ಹೇಳು.”

ಹಜರತಅಲಿ ಬೀಡಿ ಹೊಸಕಿ ಆರಿಸಿ ಹೇಳಿದ. ಗಾಡಿ ರಾಯರ ವಾಡೆಯ ಅಂಗಳಕ್ಕೆ ಹೋದ ಕೂಡಲೇ ಅನ್ನಪೂರ್ಣಾಬಾಯಿ ಕಟ್ಟೆಯ ಮೇಲೆ ಬಂದು ನಿಲ್ಲುತ್ತಾರೆ. ‘ಅವ ಎಲ್ಲೆಲ್ಲೆ ಮುಟ್ಟ್ಯಾನ ತೋರಸು’ ಎನ್ನುತ್ತಾರೆ. ಇವನು ಬಗ್ಗಿ ತೋರಿಸುತ್ತಾನೆ. ಬಾವಿಯ ನೀರು ಕುದಿಸಿ, ಸೋಡಾ ಹಾಕಿ, ತೆಂಗಿನ ನಾರಿನಿಂದ ಆ ಜಾಗವನ್ನೆಲ್ಲ ಮೂರು ಸಲ ತಿಕ್ಕಿಸುತ್ತಾರೆ. ಕಡೆಗೆ ತಾವೇ ತಾಮ್ರದ ತಂಬಿಗೆಯಿಂದ ತುಳಸಿಯ ನೀರು ಎರಚುತ್ತಾರೆ.

“ಎಲ್ಲೆಲ್ಲೆ ಮುಟ್ಟೀನೋ ಅಲ್ಲಲ್ಲೇ?” ಎಂದ ಹುಲಿಗೆಪ್ಪ.

“ಅಲ್ಲಲ್ಲೇ ಅಣ್ಣಾ. ಬ್ಯಾರೆ ಕಡೆ ಒಂದ ಹನಿ ಬೀಳೂದಿಲ್ಲ. ನಾ ತೊಳದಂಗ ಮಾಡಿ ಬಿಡೂಣು ಅಂದ್ರ ಅವರು ಕಟ್ಟಿ ಬಿಟ್ಟು ಸರಿಯೂದಿಲ್ಲ.”

“ನೀ ಮುಟ್ಟಿದ್ದಕ್ಕ?”

“ನಾನು ಡ್ರೈವರ್. ನನಗ ಬ್ಯಾರೆ ಕಾಯ್ದೆ ಐತಿ. ಮುಂದಿನ ಸೀಟ ದಾಟಿ ಹಿಂದ ಬರೂ ಹಂಗಿಲ್ಲ, ಅಷ್ಟ.”

ಅವನು ಎಲ್ಲಿ ಗ್ರೀಸು ಹಚ್ಚುತ್ತಿದ್ದನೋ ಅದೇ ಜಾಗವನ್ನು ಹುಡುಕಿ ಹುಡುಕಿ ಕುದಿನೀರು ಸುರಿದು ತಿಕ್ಕಿದ್ದರು. ಅವನ ಕೈ ಹೋಗಬೇಕಿತ್ತು; ಅದರ ಜೊತೆ ಗ್ರೀಸೂ ಹೋಯಿತು. ಸವಳು ನೀರು ಪಟ್ಟಿಗಳ ನಡುವೆ ಉಳಿಯಿತು, ಅದರ ಮೇಲೆ ಧೂಳು ಕೂತು ಮೂರು ವಾರದಲ್ಲಿ ಹೊಸ ಬುಶ್ಶನ್ನು ತಿಂದಿತು. ಇಡೀ ಊರು ಐದು ತಿಂಗಳಿಂದ ಕೇಳಿ ನಗುತ್ತಿದ್ದ ಆ ಸಪ್ಪಳ ಮಡಿಯ ಸಪ್ಪಳ. ಅದರ ಅಪವಾದ ಮಾತ್ರ ಹುಲಿಗೆಪ್ಪನ ಕೈಗೆ.

ಅವನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಅವನಿಗೆ ಬಂದದ್ದು ಒಂದು ಥರದ ಚಳಿ. ಕತ್ತಲೆಯ ಆ ಒಂದು ಮೊಳ ಜಾಗವೂ ತನ್ನದಾಗಿರಲಿಲ್ಲ ಎಂಬ ಚಳಿ.

ಆದರೂ ಅವನು ಕೆಲಸ ಬಿಟ್ಟು ಏಳಲಿಲ್ಲ. ಇದ್ದ ಗ್ರೀಸನ್ನೆಲ್ಲ ಬಳಿದು ಪಾಟಾ ಕೂಡಿಸಿದ. ಹೊಸ ಬುಶ್ ಹಾಕಿ ಬಿಗಿದ. ಅವನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಗಾಡಿಯನ್ನು ಕೂಡಿಸಿರಲಿಲ್ಲ. ಆಮೇಲೆ ಹಜರತಅಲಿಗೆ ಹೇಳಿದ: “ಗಾಡಿ ಇಲ್ಲೇ ಇರಲಿ. ನಾ ರಾಯರನ್ನ ಕಂಡ ಬರ್ತೀನಿ. ಅವರು ಓದಿದವರು. ಹೇಳಿದ್ರ ತಿಳಕೋತಾರ.”

“ಅಣ್ಣಾ, ಸುಮ್ನ ಕೂಡ್ರು.”

“ಸುಮ್ನ ಕುಂತ ಐದ ತಿಂಗಳಾತು.”

ಬಿಸಿಲು ಇಳಿಯುವ ಹೊತ್ತು. ರಾಯರು ವಾಡೆಯ ಹೊರಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ಹುಲಿಗೆಪ್ಪ ಬೀದಿಯಲ್ಲೇ ನಿಂತ. ಕೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಯಾರ ಹೆಸರೂ ಬರದಂತೆ, ಯಾರಿಗೂ ನೋವಾಗದಂತೆ. ನೋವಾದವನೇ ನೋವು ಮಾಡದಂತೆ ಮಾತು ಹುಡುಕಬೇಕು. ಅದು ಈ ಊರುಗಳ ಶಿಷ್ಟಾಚಾರ.

“ರಾಯರ, ಗಾಡಿ ಆತ್ರಿ. ಒಂದ ಮಾತಿತ್ತು. ಪಾಟಾಕ್ಕ ಕುದಿನೀರು, ಸೋಡಾ ಬೀಳಬಾರದ್ರಿ. ಗ್ರೀಸು ನಿಂದರೂದಿಲ್ಲ. ಅದಕ್ಕ ಸಪ್ಪಳ ಬರಾಕತ್ತೈತ್ರಿ.”

ರಾಯರು ಪೇಪರು ಇಳಿಸಿದರು. “ಯಾರು ಹಾಕ್ತಾರೋ ಅದಕ್ಕ ಕುದಿನೀರು?”

ಹುಲಿಗೆಪ್ಪ ಅಂಗೈ ಬಿಚ್ಚಿದ. ಗ್ರೀಸಿನ ಕರಿಯ ಗೆರೆಗಳ ನಡುವೆ ಆ ಎಲೆ ಇತ್ತು.

ರಾಯರು ಅದನ್ನು ನೋಡಿದರು. ಅದು ಏನೆಂದು ಅವರಿಗೆ ಗೊತ್ತಾಯಿತು, ಎಲ್ಲಿಂದ ಬಂತೆಂಬುದೂ ಗೊತ್ತಾಯಿತು. ವಕೀಲರಿಗೆ ಸಾಕ್ಷಿ ಗುರುತಿಸಲು ಯಾರೂ ಕಲಿಸಬೇಕಿಲ್ಲ. ಅವರ ಕಿವಿಗಳು ಕೆಂಪಾದವು. ಒಂದು ಗಳಿಗೆ, ಒಂದೇ ಗಳಿಗೆ, ಅವರು ಏನೋ ಹೇಳುತ್ತಾರೆ ಎಂದು ಹುಲಿಗೆಪ್ಪನಿಗೆ ಅನಿಸಿತು.

ಒಳಗಿನಿಂದ ಅನ್ನಪೂರ್ಣಾಬಾಯಿಯ ದನಿ ಬಂತು: “ದಿನೂ, ಯಾರು ಬಂದಾರ?”

“ಯಾರೂ ಇಲ್ಲ, ಅವ್ವಾ,” ಎಂದರು ರಾಯರು.

ಹುಲಿಗೆಪ್ಪ ಅಂಗೈ ಮುಚ್ಚಿದ.

“ನಮ್ಮ ಮನ್ಯಾಗ ಅಂಥಾದ್ದೇನೂ ನಡಿಯೂದಿಲ್ಲ,” ಎಂದರು ರಾಯರು, ದನಿ ತಗ್ಗಿಸಿ. “ಕೆಲಸ ಬರಲಿಲ್ಲಂದ್ರ ಬರಲಿಲ್ಲ ಅನ್ನು. ನಿನ್ನ ಸಲುವಾಗಿ ನಾ ಎಷ್ಟ ಮಂದಿ ಕಡೆ ಮಾತ ಕೇಳೇನಿ, ಅದರ ಮ್ಯಾಲೆ ನೀ ನನ್ನ ಮನಿತನಕನ ಬೆರಳ ತೋರಸ್ತಿ. ನಾಳೆ ಗಾಡಿ ಹುಬ್ಬಳ್ಳಿಗೆ ಹೋಗ್ಲಿ.”

ಮಾತು ಮುಗಿಸಿ ಅವರು ಪೇಪರು ಎತ್ತಿದರು. ಪೇಪರು ಎತ್ತಿದರೆ ಮುಖ ಕಾಣುವುದಿಲ್ಲ. ಸುಧಾರಕರಿಗೆ ಅದು ಬಹಳ ಉಪಯೋಗದ ವಸ್ತು.

ಮರುದಿನ ಮುಂಜಾನೆ ವ್ಯಾನು ಬೇವಿನ ಗಿಡದ ಕೆಳಗಿನಿಂದಲೇ ನೇರವಾಗಿ ಹುಬ್ಬಳ್ಳಿಗೆ ಹೋಯಿತು, ಸಂಜೆ ತಿರುಗಿ ಬಂತು. ಅಂದು ಯಾರೂ ಅದನ್ನು ತೊಳೆಯಲಿಲ್ಲ. ಹುಲಿಗೆಪ್ಪ ಮುಟ್ಟಿದ್ದನ್ನೆಲ್ಲ ಅಲ್ಲಿ ಬಿಚ್ಚಿ ಹೊಸದಾಗಿ ಕೂಡಿಸಿದ್ದಾರೆಂದೇ ಎಲ್ಲರೂ ತಿಳಿದಿದ್ದರು. ಹುಬ್ಬಳ್ಳಿಯ ಮಿಸ್ತ್ರಿಯ ಜಾತಿ ಯಾವುದೆಂದು ಅನ್ನಪೂರ್ಣಾಬಾಯಿ ಕೇಳಲಿಲ್ಲ. ಇಪ್ಪತ್ತು ಮೈಲು ಆಚೆಯ, ಹೆಸರು ಗೊತ್ತಿಲ್ಲದ ಕೈ ತಾನಾಗಿಯೇ ಮಡಿಯಾಗಿತ್ತು. ಮೂರು ವಾರ ಕಳೆಯಿತು, ಆರು ವಾರ ಕಳೆಯಿತು. ವ್ಯಾನು ಸಪ್ಪಳ ಮಾಡಲಿಲ್ಲ.

ಊರಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. “ನೋಡಿದೆಲಾ, ಬಲ್ಲವರ ಕೈ ಅಂದ್ರ ಹಂಗಿರ್ತದ,” ಎಂದ ವೆಂಕಣ್ಣ. ರಾಯರು ಎಲ್ಲರ ಮುಂದೆ ನಿಟ್ಟುಸಿರು ಬಿಟ್ಟು, “ನಾ ಅಂತೂ ಅವಗ ಅವಕಾಶ ಕೊಟ್ಟಿದ್ದೆ,” ಎಂದರು. ಟ್ರ್ಯಾಕ್ಟರುಗಳು ಬರುವುದು ನಿಂತಿತು. ಆಮೇಲೆ ಎತ್ತಿನ ಗಾಡಿಯ ಗಾಲಿಗೆ ಕೀಲೆಣ್ಣೆ ಹಾಕಿಸುವವರೂ ನಿಂತರು. ಕೇರಿಯಲ್ಲಿ, ಹೊಲದಿಂದ ಬರುತ್ತಿದ್ದ ಹೆಂಗಸರು ಈಗ ಹಾರ್ನಿನ ಮಾತು ಆಡಲಿಲ್ಲ. ಸುಮ್ಮನೆ ದಾರಿ ಬಿಟ್ಟರು. ಅದು ಇನ್ನೂ ಕೆಟ್ಟದಾಗಿತ್ತು.

ಒಂದು ಮಧ್ಯಾಹ್ನ ಹಜರತಅಲಿ ನಡೆದುಕೊಂಡು ಬಂದ. ಹುಲಿಗೆಪ್ಪನ ಮಡಕೆಯಿಂದ ನೀರು ಬಗ್ಗಿಸಿಕೊಂಡು ಕುಡಿದು ಕಲ್ಲಿನ ಮೇಲೆ ಕೂತ.

“ಒಂದ ಮಾತ ನಿನಗ ಹೇಳದ ನಿದ್ದಿ ಬರವಲ್ದು ಅಣ್ಣಾ. ಅವತ್ತ ಹುಬ್ಬಳ್ಳ್ಯಾಗ ಆ ಮಿಸ್ತ್ರಿ ಗಾಡಿ ಕೆಳಗ ಹೋಗಿ ಬಂದು ನನ್ನ ಬೈದಾ. ‘ಈ ಪಾಟಾ ಕೂಡಿಸಿದವ ಯಾವನೋ ಅದಾನಲ್ಲ, ಅವನ ಕಡೆನ ಹೋಗಬಾರದ? ನನ್ನ ಕಡೆ ಯಾಕ ತಂದಿ? ನಾನೂ ಹಿಂಗ ಕೂಡಸಾಂವಲ್ಲ’ ಅಂದಾ. ಏನೂ ಬಿಚ್ಚಲಿಲ್ಲ. ಮ್ಯಾಲೆ ಒಂದಿಷ್ಟ ಗ್ರೀಸ್ ಸವರಿ ಕಳಿಸಿದಾ.”

ಹುಲಿಗೆಪ್ಪ ಕೈಯಲ್ಲಿದ್ದ ಪಾನಾವನ್ನು ತಿರುಗಿಸಿ ತಿರುಗಿಸಿ ನೋಡಿದ. “ಹಂಗಂದನ?”

“ಖುದಾನ ಆಣಿ.”

“ನೀ ಏನಂದಿ?”

“ಸುಮ್ನ ನಿಂತೆ.”

“ಇಲ್ಲಿ ಬಂದು ಯಾರಿಗರೆ ಹೇಳಿದೀ?”

ಹಜರತಅಲಿ ನೆಲ ನೋಡಿದ. “ಹಸೀನಾಬಿ ಬಸರ ಅದಾಳ ಅಣ್ಣಾ. ಈ ಕೆಲಸ ಹೋತಂದ್ರ ನಾ ಎಲ್ಲಿಗೆ ಹೋಗ್ಲಿ?”

“ಹೋಗಬ್ಯಾಡ,” ಎಂದ ಹುಲಿಗೆಪ್ಪ. “ನನಗ ಹೇಳಿದೆಲ್ಲ, ಸಾಕು.”

ಸಾಕಾಗಿರಲಿಲ್ಲ. ಹೊಗಳಿಕೆ ಸತ್ಯವಾಗಿದ್ದರೂ ಅದು ನಾಲ್ಕು ಜನರ ನಡುವೆ ನಡೆದಾಡಬೇಕು. ಒಬ್ಬನ ಕಿವಿಯೊಳಗೇ ಕೂತರೆ ಹೊಟ್ಟೆ ತುಂಬಿಸುವುದಿಲ್ಲ. ಆದರೆ ಎದುರಿಗೆ ಕೂತವನೂ ಹೆದರಿದವನೇ. ಹೆದರಿದ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನನ್ನು ಬೈದರೆ ಕಟ್ಟೆಯ ಮೇಲೆ ಕೂತವರಿಗೇ ಲಾಭ. ಹಜರತಅಲಿ ಹೋದ ಮೇಲೆ ಹುಲಿಗೆಪ್ಪ ಮಡಕೆಯ ಪಕ್ಕದ ಲೋಟವನ್ನು ಎತ್ತಿ ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಂಡಿದ್ದ. ಬೇರೆಯವರು ಅವನ ಲೋಟದಲ್ಲಿ ನೀರು ಕುಡಿದು ಬಹಳ ವರ್ಷವಾಗಿತ್ತು.

ಹೋಳಿ ಹತ್ತಿರ ಬಂತು. ಮೆಣಸಿನಕಾಯಿಯ ಕೂಲಿಗೆ ಅವನು ಮೊದಲ ಸಲ ಹೋಗಿ ಬಂದ ವಾರ ಅದು; ಬೆರಳುಗಳು ಇನ್ನೂ ಉರಿಯುತ್ತಿದ್ದವು. ಕೆಲಸವಿಲ್ಲದಿದ್ದರೂ ಪಾನಾಗಳನ್ನು ಒರೆಸಲೆಂದು ಮುಂಜಾನೆ ಗಿಡದ ಕೆಳಗೆ ಬಂದು ಕೂತಿದ್ದ. ವಕೀಲರ ವ್ಯಾನು ಹಾದುಹೋಯಿತು. ಕಾರಕೂನ ನಗುವುದು ಕೇಳಿಸಿತು, ದಾರಿಯ ಕಂಕರುಕಲ್ಲಿನ ಮೇಲೆ ಟೈರು ಉರುಳುವುದು ಕೇಳಿಸಿತು. ಅವೆರಡರ ನಡುವೆ, ಇನ್ನಾರಿಗೂ ಕೇಳಿಸದಷ್ಟು ಸಣ್ಣಗೆ, ಒಂದು ‘ಕಿಟ್’.

ಹುಲಿಗೆಪ್ಪ ಎದ್ದು ನಿಂತ. ನಾಲ್ಕು ತಿಂಗಳಾಗಿತ್ತು, ಗ್ರೀಸು ಒಣಗುವ ಹೊತ್ತು. ಯಾವ ಗಾಡಿಗಾದರೂ ಅಷ್ಟೇ ಆಯುಷ್ಯ. ಅದರಲ್ಲಿ ಯಾರ ತಪ್ಪೂ ಇಲ್ಲ. ಕೈಗೆ ಗ್ರೀಸಿನ ಡಬ್ಬಿ ಬಂದಿತ್ತು, ಯಾವಾಗ ಎತ್ತಿಕೊಂಡನೋ ಅವನಿಗೇ ತಿಳಿಯಲಿಲ್ಲ.

ವಾರದೊಳಗೆ ಊರಿಗೆಲ್ಲ ಕೇಳಿಸುವಷ್ಟಾಯಿತು. ಒಂದು ಮುಂಜಾನೆ ವ್ಯಾನು ಖಾಲಿಯಾಗಿ ಗಿಡದ ಮುಂದೆ ಬಂತು. ಹಜರತಅಲಿ ಅವನನ್ನು ನೋಡಿದ. ಗಾಡಿ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಅಂಗೈಯಗಲದ ಗ್ರೀಸಿಗಾಗಿ ಅದು ಇಪ್ಪತ್ತು ಮೈಲು ಹುಬ್ಬಳ್ಳಿಗೆ ಹೊರಟಿತ್ತು.

ಹುಲಿಗೆಪ್ಪ ದಾರಿಯ ಅಂಚಿನ ತನಕ ನಡೆದುಹೋಗಿ ನಿಂತ. ಧೂಳು ಇಳಿಯುವವರೆಗೆ ಕಿವಿಗೊಟ್ಟು ಕೇಳಿದ.

“ಎಡಗಡೀದು, ಹಿಂದಿಂದು,” ಎಂದ. “ಬಿಚ್ಚಬ್ಯಾಡ್ರಿ. ಗ್ರೀಸಷ್ಟ ಸಾಕು.”

ಎದುರಿಗೆ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಗೋಡೆಯ ಗೂಡಿನಲ್ಲಿ ಹಿಡಿಕೆ ಮುರಿದ ಕಪ್ ಬೋರಲಾಗಿತ್ತು.